‘ಇಲೈಜಾ ರಾಕ್’ ಹಾಡು, ಅದರ ಹಿಂದಿನ ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ಹವ್ಯಾಸಿ ಕೊಯರ್‌ನಲ್ಲಿ, ಅಂದರೆ ಸಮೂಹಗಾನದ ತಂಡದಲ್ಲಿ, ಬೇಸ್ ಹಾಡುತ್ತೇನೆ. ಬೇಸ್ ಅಂದರೆ ಗಂಡಸರ ಕೆಳಗಿನ ದನಿ. ಮೋಸೆಸ್ ಹೋಗನ್ ಅವರ ‘ಇಲೈಜಾ ರಾಕ್’ ನಮ್ಮ ಕಾರ್ಯಕ್ರಮದ ಕೊನೆಯ ಹಾಡು. ಅದು ಮುಗಿದ ಮೇಲೆ ಯಾರಾದರೂ ಚಹಾ ಲೋಟ ಹಿಡಿದುಕೊಂಡು ಬಂದು ಕೇಳಿಯೇ ಕೇಳುತ್ತಾರೆ: ಇದು ಯಾರ ಹಾಡು, ಕೊನೆಗೆ ಮೈ ಯಾಕೆ ಜುಂ ಅನ್ನುತ್ತೆ ಅಂತ. ಹೊಸದಾಗಿ ಸೇರಿದವರದ್ದೂ ಅವೇ ಪ್ರಶ್ನೆಗಳು. ಒಂದೇ ಕಡೆ ಇರಲಿ ಅಂತ ಎಲ್ಲವಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ.

ಇದು ಯಾವ ಹಾಡು? ಬರೆದವರು ಯಾರು?

ಇದು ಒಂದು ಸ್ಪಿರಿಚುಯಲ್. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ ಮೂಲದ ಜನ ಕಟ್ಟಿಕೊಂಡ ಭಕ್ತಿಯ ಹಾಡುಗಳಿಗೆ ಆ ಹೆಸರು. ಬರೆದವರು ಇಂಥವರೇ ಅಂತ ಇಲ್ಲ. ನಮ್ಮ ಜನಪದ ಹಾಡುಗಳ ಹಾಗೆ ಬಾಯಿಂದ ಬಾಯಿಗೆ ಬಂದದ್ದು.

ಇವತ್ತು ಜಗತ್ತಿನ ತುಂಬ ಕೊಯರ್‌ಗಳು ಹಾಡುವ ರೂಪ ಮಾತ್ರ ಒಬ್ಬರ ಕೈಯಲ್ಲಿ ಮೂಡಿದ್ದು. ಅವರು ನ್ಯೂ ಆರ್ಲಿಯನ್ಸ್‌ನ ಮೋಸೆಸ್ ಹೋಗನ್. ಅವರ ಅರೇಂಜ್‌ಮೆಂಟ್, ಅಂದರೆ ಹಾಡನ್ನು ಕೊಯರ್‌ನ ದನಿಗಳಿಗೆ ಹಂಚಿ ಬರೆದ ರೂಪ, ಅಚ್ಚಾದದ್ದು 1994ರಲ್ಲಿ. ವಾದ್ಯ ಇಲ್ಲ, ಬರೀ ದನಿ. ಸುಮಾರು ಮೂರು ನಿಮಿಷದ ಹಾಡು.

ಅವರಿಗಿಂತ ಮೊದಲೇ ಕೊಯರ್ ನಿರ್ದೇಶಕ ಜೆಸ್ಟರ್ ಹೇರ್‌ಸ್ಟನ್ ಇದೇ ಹಾಡನ್ನು ಕೊಯರ್‌ಗೆ ಹೊಂದಿಸಿದ್ದರು. ಹೆಸರಾಂತ ಗಾಯಕಿ ಮಹೇಲಿಯಾ ಜಾಕ್ಸನ್ ಒಬ್ಬರೇ ನಿಂತು ಹಾಡಿದ್ದರು. ಮಹೇಲಿಯಾ ಕೂಡ ಹುಟ್ಟಿದ್ದು ನ್ಯೂ ಆರ್ಲಿಯನ್ಸ್‌ನಲ್ಲೇ. 1971ರಲ್ಲಿ ಭಾರತಕ್ಕೂ ಬಂದು ಹಾಡಿ ಹೋದರು.

ಸ್ಪಿರಿಚುಯಲ್, ಗಾಸ್ಪೆಲ್ ಎರಡೂ ಒಂದೇ ಅಲ್ವಾ?

ಅಲ್ಲ. ಸ್ಪಿರಿಚುಯಲ್ ಗುಲಾಮಗಿರಿಯ ಕಾಲದ್ದು, ಹೆಸರಿಲ್ಲದ ಜನರದ್ದು, ಸಾಮಾನ್ಯವಾಗಿ ವಾದ್ಯವಿಲ್ಲದೆ ಹಾಡುವಂಥದ್ದು. ಗಾಸ್ಪೆಲ್ ನಗರದ ಚರ್ಚುಗಳಲ್ಲಿ ಬೆಳೆದದ್ದು. 1930ರ ದಶಕದಲ್ಲಿ ಶಿಕಾಗೋದ ಥಾಮಸ್ ಡಾರ್ಸಿ ಅದಕ್ಕೆ ದೊಡ್ಡ ತಿರುವು ಕೊಟ್ಟರು. ಅದರಲ್ಲಿ ಪಿಯಾನೊ, ಹ್ಯಾಮಂಡ್ ಆರ್ಗನ್, ಡ್ರಮ್ಸ್ ಎಲ್ಲ ಇರುತ್ತವೆ, ಹಾಡು ಬರೆದವರ ಹೆಸರೂ ಇರುತ್ತದೆ. ಎರಡೂ ಒಂದೇ ಮನೆತನದವು, ಆದರೆ ತಲೆಮಾರು ಬೇರೆ.

ಎಲೀಯ ಯಾರು? ಹಾಡಿನ ಮಾತಿಗೆ ಅರ್ಥ ಏನು?

ಇಂಗ್ಲಿಷಿನ ಇಲೈಜಾ ಅಂದರೆ ಕನ್ನಡ ಬೈಬಲ್ಲಿನ ಎಲೀಯ. ಅರಸುಗಳ ಮೊದಲ ಪುಸ್ತಕದಲ್ಲಿ ಬರುವ ಪ್ರವಾದಿ. ರಾಣಿಗೆ ಹೆದರಿ ಕಾಡಿಗೆ ಓಡಿಹೋಗಿ, ಇನ್ನು ಸಾಕು, ನನ್ನ ಪ್ರಾಣ ತೆಗೆದುಕೋ ಅಂತ ದೇವರನ್ನು ಬೇಡಿಕೊಂಡವನು.

ಹಾಡಿನಲ್ಲಿ ಕಥೆ ಇಲ್ಲ. ಬಿಡಿ ಬಿಡಿ ಸಾಲುಗಳಿವೆ. ಒಂದರಲ್ಲಿ ಸೈತಾನ ಹುಲ್ಲಿನೊಳಗಿನ ಹಾವು, ಸುಳ್ಳುಗಾರ. ಇನ್ನೊಂದರಲ್ಲಿ, ನನ್ನಿಂದ ಆಗುವುದಾದರೆ ಬೈಬಲ್ಲಿನ ಇನ್ನೊಬ್ಬ ಪ್ರವಾದಿ ಮೋಶೆ ನಿಂತ ಬಂಡೆಯ ಮೇಲೆ ನಾನೂ ನಿಲ್ಲುತ್ತಿದ್ದೆ ಎಂಬ ಆಸೆ. ಮತ್ತೊಂದರಲ್ಲಿ, ಬಾ ಅಕ್ಕ, ನನ್ನ ಜೊತೆ ಪ್ರಾರ್ಥನೆ ಮಾಡು, ನನ್ನೊಡೆಯ ಈ ದಾರಿಯಲ್ಲಿ ಹಾದು ಹೋದ ಅಂತ ಹೇಳು ಎಂಬ ಮಾತು.

ಎಲೀಯನ ಹಾಡಿನಲ್ಲಿ ಮೋಶೆಯ ಬಂಡೆ ಯಾಕೆ ಬಂತು ಅಂತ ನನಗೆ ಬಹಳ ದಿನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ದಿನ ಬೈಬಲ್ ತೆಗೆದು ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟು ಓದಿದೆ. ವಿಮೋಚನಕಾಂಡದ 33ರಲ್ಲಿ ದೇವರು ಮೋಶೆಗೆ ಬಂಡೆಯ ಮೇಲೆ ನಿಲ್ಲು ಅನ್ನುತ್ತಾನೆ. ಆಮೇಲೆ ದೇವರ ಮಹಿಮೆ ಹಾದು ಹೋಗುತ್ತದೆ. ಅರಸುಗಳ ಮೊದಲ ಪುಸ್ತಕದ 19ರಲ್ಲಿ ಎಲೀಯ ಹೋರೇಬ್ ಬೆಟ್ಟಕ್ಕೆ ಬರುತ್ತಾನೆ. ಮೋಶೆ ದೇವರನ್ನು ಕಂಡ ಬೆಟ್ಟ ಅದೇ. ಅಲ್ಲಿಯೂ ದೇವರು ಹಾದು ಹೋಗುತ್ತಾನೆ. ಬಿರುಗಾಳಿ ಬಂಡೆಗಳನ್ನು ಸೀಳುತ್ತದೆ, ಭೂಮಿ ನಡುಗುತ್ತದೆ, ಬೆಂಕಿ ಬರುತ್ತದೆ. ಯಾವುದರಲ್ಲೂ ದೇವರಿಲ್ಲ. ಕೊನೆಗೆ ಒಂದು ಸಣ್ಣ ದನಿ ಕೇಳಿಸುತ್ತದೆ.

ಬಂಡೆ, ಮೋಶೆ, ಎಲೀಯ, ಹಾದು ಹೋಗುವ ಒಡೆಯ. ಬಿಡಿ ಸಾಲುಗಳಂತೆ ಕಂಡವೆಲ್ಲ ಒಂದೇ ಬೆಟ್ಟದವು. ಗುಲಾಮರಿಗೆ ಓದು ಕಲಿಸುವುದು ಹಲವು ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧವಾಗಿತ್ತು. ಕಿವಿಯಲ್ಲಿ ಕೇಳಿದ್ದನ್ನೇ ನೆನಪಿಟ್ಟುಕೊಂಡ ಜನ ಬೈಬಲ್ಲನ್ನು ಇಷ್ಟು ಒಳಗಿಂದ ಅರಿತಿದ್ದರು. ಅವತ್ತಿನಿಂದ ಆ ಸಾಲು ಹಾಡುವಾಗ ನನ್ನ ಕಣ್ಣು ಫೈಲಿನ ಮೇಲೆ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಮೋಶೆಯ ಬಂಡೆಯ ಸಾಲು ಈ ಹಾಡಿಗೇ ಮೀಸಲಲ್ಲ, ಬೇರೆ ಸ್ಪಿರಿಚುಯಲ್‌ಗಳಲ್ಲೂ ಬರುತ್ತದೆ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿ ಬೇರೆ ಬೇರೆ ಹಾಡಿನೊಳಗೆ ಹೋಗಿ ಕೂರುತ್ತದಲ್ಲ, ಹಾಗೆ.

‘ಶೌಟ್, ಶೌಟ್’ ಅಂತ ಬರುತ್ತದೆ. ಅದು ಕೂಗಾಟವಾ?

ಇಂಗ್ಲಿಷ್ ನಿಘಂಟು ನೋಡಿದರೆ ಕೂಗು ಅಂತಲೇ ಇರುತ್ತದೆ. ಆದರೆ ಆ ಜನರ ನಡುವೆ ಶೌಟ್ ಅನ್ನುವುದು ಒಂದು ಆರಾಧನೆಯ ಹೆಸರು. ರಿಂಗ್ ಶೌಟ್ ಅನ್ನುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ, ಎಲ್ಲರೂ ಸುತ್ತು ನಿಂತು, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತಾರೆ. ಪಾದ ಎತ್ತಿ ಕುಣಿಯುವುದಿಲ್ಲ, ನೆಲಕ್ಕೆ ಎಳೆಯುತ್ತಾರೆ. ಕಾಲಿಗೆ ಕಾಲು ಅಡ್ಡ ಬರಬಾರದು. ಅಡ್ಡ ಬಂದರೆ ಅದು ಕುಣಿತ, ಆರಾಧನೆ ಅಲ್ಲ. ಬದಿಗೆ ನಿಂತ ಕೆಲವರು ಚಪ್ಪಾಳೆ ತಟ್ಟಿ ಹಾಡು ನಡೆಸುತ್ತಾರೆ. ಜಾರ್ಜಿಯಾ, ಸೌತ್ ಕ್ಯಾರೊಲಿನಾ ಕರಾವಳಿಯಲ್ಲಿ ಇದು ಇನ್ನೂ ಉಳಿದಿದೆ. ಜಾರ್ಜಿಯಾದ ಮ್ಯಾಕಿಂಟಾಶ್ ಕೌಂಟಿ ಶೌಟರ್ಸ್ ತಂಡದವರು ವೇದಿಕೆಯ ಮೇಲೂ ಮಾಡಿ ತೋರಿಸಿದ್ದಾರೆ.

ತಮಟೆ, ಡೋಲು ಇಲ್ಲದೆ ಕಾಲಲ್ಲೇ ತಾಳ ಯಾಕೆ? ಅದಕ್ಕೊಂದು ಕಾರಣ ಇದೆ. 1739ರಲ್ಲಿ ಸೌತ್ ಕ್ಯಾರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸಿ ಜನ ಕೂಡಿಸಿದ್ದರು. ಮರುವರ್ಷ, 1740ರಲ್ಲಿ, ಆ ವಸಾಹತು ಡೋಲಿನ ಮೇಲೇ ನಿಷೇಧ ಹಾಕಿತು. ಡೋಲು ಕಿತ್ತುಕೊಂಡ ಮೇಲೆ ಉಳಿದದ್ದು ಅಂಗೈ, ಅಂಗಾಲು, ಗಂಟಲು.

ಹೋಗನ್ ಅವರ ಅರೇಂಜ್‌ಮೆಂಟಿನಲ್ಲಿ ಕೆಳದನಿಗಳು ಬಿಡದೆ ತಿರುಗಿಸುವ ‘ಶೌಟ್, ಶೌಟ್’ ನನಗೆ ಆ ಕಾಲಿನ ಸದ್ದೇ. ಹೋಗನ್ ಹಾಗೆ ಬರೆದಿಟ್ಟಿದ್ದಾರೆ ಅಂತಲ್ಲ, ವರ್ಷಗಟ್ಟಲೆ ಹಾಡಿದವನಾಗಿ ನಾನು ಹೇಳುತ್ತಿದ್ದೇನೆ.

ಹಿಂದೆಯೂ ಸೊಪ್ರಾನೊ, ಆಲ್ಟೋ, ಟೆನರ್, ಬೇಸ್ ಅಂತ ನಾಲ್ಕು ದನಿ ಇತ್ತಾ?

ಇರಲಿಲ್ಲ. ಇವತ್ತು ಸೊಪ್ರಾನೊ, ಆಲ್ಟೋ ಅಂದರೆ ಹೆಂಗಸರ ಮೇಲಿನ, ಕೆಳಗಿನ ದನಿ; ಟೆನರ್, ಬೇಸ್ ಅಂದರೆ ಗಂಡಸರ ಮೇಲಿನ, ಕೆಳಗಿನ ದನಿ. ಆಗ ಇದ್ದದ್ದು ಅದಕ್ಕಿಂತ ವಿಚಿತ್ರ.

ಈ ಹಾಡುಗಳ ಮೊದಲ ದೊಡ್ಡ ಸಂಗ್ರಹ ‘ಸ್ಲೇವ್ ಸಾಂಗ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’. ಅದು 1867ರಲ್ಲಿ ಬಂತು. ಮೂವರು ಬಿಳಿಯ ಸಂಪಾದಕರು. ಅವರಲ್ಲಿ ಒಬ್ಬರಾದ ವಿಲಿಯಂ ಫ್ರಾನ್ಸಿಸ್ ಆಲೆನ್ ಮುನ್ನುಡಿಯಲ್ಲಿ ತಮ್ಮ ಕಷ್ಟ ಹೇಳಿಕೊಂಡಿದ್ದಾರೆ. ನಮಗೆ ಗೊತ್ತಿರುವ ರೀತಿಯಲ್ಲಿ ದನಿ ಹಂಚಿಕೊಂಡು ಹಾಡುವುದು ಅಲ್ಲಿಲ್ಲ, ಆದರೆ ಯಾವ ಇಬ್ಬರೂ ಒಂದೇ ರೀತಿ ಹಾಡುತ್ತಿರುವಂತೆಯೂ ಕೇಳುವುದಿಲ್ಲ ಅಂತ ಬರೆದರು. ಒಬ್ಬ ಮುಂದಾಳು ಮಾತು ಎತ್ತುತ್ತಾನೆ, ಎಷ್ಟೋ ಸಲ ಅಲ್ಲೇ ಕಟ್ಟುತ್ತಾನೆ. ಉಳಿದವರು ಸೊಲ್ಲು ಹಿಡಿಯುತ್ತಾರೆ. ಹಾಗೆ ಹಿಡಿಯುವುದಕ್ಕೆ ಅವರೇ ‘ಬೇಸ್ ಮಾಡುವುದು’ ಅನ್ನುತ್ತಿದ್ದರಂತೆ. ಸೊಲ್ಲು ಹಿಡಿದವರು ತಮಗೆ ಬೇಕಾದಲ್ಲಿ ಸೇರುತ್ತಾರೆ, ಬೇಕಾದಲ್ಲಿ ಬಿಡುತ್ತಾರೆ, ಒಂದು ಸ್ಥಾಯಿ ಮೇಲೆ ಹೋಗುತ್ತಾರೆ, ಕೆಳಗೂ ಇಳಿಯುತ್ತಾರೆ. ಆದರೂ ತಾಳ ತಪ್ಪುವುದಿಲ್ಲ, ಅಪಸ್ವರ ಅನ್ನಿಸುವುದಿಲ್ಲ.

ಭಜನೆಯ ಮನೆಯಲ್ಲಿ ಬೆಳೆದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಒಂದು ಸಾಲಿನ ಮೇಲೆ ಇಪ್ಪತ್ತು ಗಂಟಲು ಇಪ್ಪತ್ತು ಥರ. ಕಾಗದದ ಮೇಲೆ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ.

ಮತ್ತೆ ಇದು ವೇದಿಕೆಗೆ ಹೇಗೆ ಬಂತು?

ಒಂದು ಶಾಲೆಯ ಸಾಲದಿಂದ ಶುರುವಾಯಿತು. ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ 1866ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಫಿಸ್ಕ್ ಶಾಲೆ ತೆರೆಯಿತು. ಐದೇ ವರ್ಷಕ್ಕೆ ಮುಚ್ಚುವ ಸ್ಥಿತಿ. ಖಜಾಂಚಿಯೂ ಸಂಗೀತದ ಮೇಷ್ಟ್ರೂ ಆಗಿದ್ದ ಜಾರ್ಜ್ ವೈಟ್, ಒಂಬತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು 1871ರ ಅಕ್ಟೋಬರ್ 6ರಂದು ಹಾಡಿ ಹಣ ಕೂಡಿಸಲು ಹೊರಟರು. ತಂಡಕ್ಕೆ ಜುಬಿಲಿ ಸಿಂಗರ್ಸ್ ಅಂತ ಹೆಸರಾಯಿತು. ಜುಬಿಲಿ ಅಂದರೆ ಬೈಬಲ್ಲಿನಲ್ಲಿ ಗುಲಾಮರನ್ನು ಬಿಡುಗಡೆ ಮಾಡುವ ವರ್ಷ.

ಆ ಮಕ್ಕಳಿಗೆ ಮೊದಮೊದಲು ಈ ಹಾಡುಗಳನ್ನು ಹೊರಗಿನವರ ಮುಂದೆ ಹಾಡಲು ಇಷ್ಟವೇ ಇರಲಿಲ್ಲ. ತಂಡದ ಪಿಯಾನೊ ವಾದಕಿ ಎಲ್ಲಾ ಶೆಪರ್ಡ್ ಇದನ್ನು ಬರೆದಿಟ್ಟಿದ್ದಾರೆ. ಅವು ಅಪ್ಪ ಅಮ್ಮಂದಿರಿಗೆ ಪವಿತ್ರವಾದ ಹಾಡುಗಳು, ಮರೆಯಬೇಕಾದ ಕಾಲವನ್ನು ನೆನಪಿಸುವ ಹಾಡುಗಳು. ಮನಸ್ಸು ಗಟ್ಟಿ ಮಾಡಿಕೊಂಡು ಹಾಡಿದರು. 1873ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಕೂಡಿಸಿದ ಹಣದಲ್ಲಿ ಜುಬಿಲಿ ಹಾಲ್ ಎದ್ದಿತು, ಇವತ್ತಿಗೂ ಇದೆ. ಮುಂದೆ ಫ್ರೆಡರಿಕ್ ಲೌಡಿನ್ ನಡೆಸಿದ ತಂಡ 1884ರಿಂದ 1890ರವರೆಗೆ ಜಗತ್ತು ಸುತ್ತಿತು. ಆಸ್ಟ್ರೇಲಿಯಾ ಮುಗಿಸಿ ಭಾರತಕ್ಕೂ ಬಂದು ಹಾಡಿತು. ಅಂದರೆ ಈ ಹಾಡುಗಳು ನಮ್ಮ ನೆಲದಲ್ಲಿ ಕೇಳಿಸಿ ನೂರ ಮೂವತ್ತು ವರ್ಷ ದಾಟಿತು.

ಆಮೇಲೆ ಕಪ್ಪು ಸಂಗೀತಗಾರರೇ ಕೊಯರ್ ಕಟ್ಟಿದರು. ಹಾಲ್ ಜಾನ್ಸನ್ 1925ರಲ್ಲಿ ನ್ಯೂಯಾರ್ಕ್‌ನಲ್ಲಿ ಕಟ್ಟಿದರು. ಮೇಲೆ ಹೇಳಿದ ಹೇರ್‌ಸ್ಟನ್ ಅದೇ ಕೊಯರ್‌ನಲ್ಲಿ ಪಳಗಿದವರು. ಅಲಬಾಮಾದ ಟಸ್ಕೀಗಿಯಲ್ಲಿ ವಿಲಿಯಂ ಡಾಸನ್ 1931ರಿಂದ ಸುಮಾರು ಕಾಲು ಶತಮಾನ ಕಾಲೇಜು ಕೊಯರ್ ನಡೆಸಿದರು. ಅವರ ಅರೇಂಜ್‌ಮೆಂಟ್‌ಗಳು ಇವತ್ತಿಗೂ ಕೊಯರ್‌ಗಳ ಫೈಲಿನಲ್ಲಿವೆ.

ಮೋಸೆಸ್ ಹೋಗನ್ ಯಾರು?

1957ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದವರು. ಮನೆಯವರೆಲ್ಲ ನ್ಯೂ ಜಯಾನ್ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗುತ್ತಿದ್ದರು. ಅಪ್ಪ ಅಲ್ಲಿನ ಕೊಯರ್‌ನಲ್ಲಿ ಬೇಸ್. ಚಿಕ್ಕಪ್ಪನೋ ದೊಡ್ಡಪ್ಪನೋ ಆಗಬೇಕಾದ ಎಡ್ವಿನ್ ಹೋಗನ್ ಅಲ್ಲಿ ಆರ್ಗನ್ ನುಡಿಸಿ ಕೊಯರ್ ನಡೆಸುತ್ತಿದ್ದರು.

ಹುಡುಗ ಪಿಯಾನೊದಲ್ಲಿ ಜಾಣ. ಓಬರ್ಲಿನ್ ಸಂಗೀತ ಶಾಲೆಯಲ್ಲಿ ಓದಿ 1979ರಲ್ಲಿ ಪದವಿ ಪಡೆದರು, ಆಮೇಲೆ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲೂ ಕಲಿತರು. ನ್ಯೂಯಾರ್ಕ್‌ನಲ್ಲಿ ಶೋಪ್ಯಾನ್ ಪಿಯಾನೊ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಗೆದ್ದರು. ಅಷ್ಟಿದ್ದವರು ಊರಿಗೆ ಬಂದು ಹಾಡುವವರನ್ನು ಕಲೆಹಾಕಿದರು. 1980ರಲ್ಲಿ ನ್ಯೂ ವರ್ಲ್ಡ್ ಎನ್‌ಸೆಂಬಲ್, 1993ರಲ್ಲಿ ಮೋಸೆಸ್ ಹೋಗನ್ ಕೊರಾಲ್. ‘ಇಲೈಜಾ ರಾಕ್’ ಅಚ್ಚಾದದ್ದು ಕೊರಾಲ್ ಶುರುವಾದ ಮರುವರ್ಷ. 1996ರಲ್ಲಿ ಆ ತಂಡ ಸಿಡ್ನಿಯ ವಿಶ್ವ ಕೊಯರ್ ಸಮ್ಮೇಳನದಲ್ಲಿ ಹಾಡಿತು.

ಇಲ್ಲಿಯೇ ನನಗೆ ಮುಖ್ಯವಾದ ಮಾತಿದೆ. ಹೋಗನ್ ಖಾಲಿ ಕೋಣೆಯಲ್ಲಿ ಕೂತು ನಾಲ್ಕು ದನಿ ಲೆಕ್ಕ ಹಾಕಿದವರಲ್ಲ. ಅವರ ಕಿವಿಯಲ್ಲಿ ಅಪ್ಪನ ಬೇಸ್ ಇತ್ತು, ಭಾನುವಾರದ ಸಭೆ ಇತ್ತು, ಎದುರಿಗೆ ಬಂದು ನಿಲ್ಲುವ ಹಾಡುಗಾರರು ಇದ್ದರು. ಒಂದು ಸಭೆ ಒಟ್ಟಿಗೆ ಹಾಡುವಾಗ ಏನಾಗುತ್ತದೋ ಅದನ್ನೇ ಬರೆದರು. ಹಾಗಾಗಿಯೇ ಹಾಡು ಎಲ್ಲಿ ಹೋದರೂ ಜನ ಸೇರಿಸಿಕೊಳ್ಳುತ್ತದೆ.

ಅವರು ತೀರಿಕೊಂಡದ್ದು 2003ರ ಫೆಬ್ರವರಿ 11ರಂದು, ಮೆದುಳಿನ ಗೆಡ್ಡೆಯಿಂದ. ಆಗ ವಯಸ್ಸು 45. ಎಂಬತ್ತಕ್ಕೂ ಜಾಸ್ತಿ ಅರೇಂಜ್‌ಮೆಂಟ್ ಬಿಟ್ಟುಹೋದರು. ಸಾಯುವ ಹಿಂದಿನ ವರ್ಷ ‘ಆಕ್ಸ್‌ಫರ್ಡ್ ಬುಕ್ ಆಫ್ ಸ್ಪಿರಿಚುಯಲ್ಸ್’ ಸಂಪಾದಿಸಿ ಕೊಟ್ಟರು.

ಹಾಡು ಜನರದ್ದು ಅಂದ ಮೇಲೆ ಅರೇಂಜರ್ ಮಾಡಿದ್ದೇನು?

ಹಾಡು ಕೇಳುತ್ತಾ ಓದಿ, ಗೊತ್ತಾಗುತ್ತದೆ. ಮೊದಲು ಕೆಳಗಿನ ದನಿಗಳು ಮೆತ್ತಗೆ ಒಂದು ಚಕ್ರ ಹಿಡಿಯುತ್ತವೆ. ಪುಟ್ಟ ಸಾಲು, ಅದೇ ಸ್ವರ, ಅದೇ ತಾಳ, ಮತ್ತೆ ಮತ್ತೆ. ರಾಟೆ ತಿರುಗಿದ ಹಾಗೆ. ಅದರ ಮೇಲೆ ಇನ್ನೊಂದು ದನಿ, ಅದರ ಮೇಲೆ ಮತ್ತೊಂದು. ಪ್ರತಿ ಗುಂಪು ಬೇರೆ ಮಾತು ಹಿಡಿದು ಬರುತ್ತದೆ. ಯಾರೂ ತಮ್ಮದನ್ನು ಬಿಡುವುದಿಲ್ಲ. ನಾಲ್ಕು ಗುಂಪು ಒಡೆದು ಇನ್ನೂ ಹೆಚ್ಚಾಗುತ್ತವೆ. ಸಾಲುಗಳ ನಡುವೆ ಒಮ್ಮೊಮ್ಮೆ ಎಲ್ಲರೂ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ, ಮತ್ತೆ ಚದುರುತ್ತಾರೆ. ಕೊನೆಗೆ ಚಕ್ರ ಮತ್ತೆ ಕೆಳಗಿಂದ ಏರುತ್ತದೆ. ಸೊಪ್ರಾನೊಗಳು ತಮ್ಮ ಗಂಟಲಿನ ತುದಿಗೆ ಹೋಗಿ ನಿಲ್ಲುತ್ತಾರೆ. ಮೈ ಜುಂ ಅನ್ನುವುದು ಅಲ್ಲೇ.

ಆಲೆನ್ ಕಾಗದಕ್ಕೆ ಸಿಗುವುದಿಲ್ಲ ಅಂದರಲ್ಲ, ಆ ಸೇರುವುದು, ಬಿಡುವುದು, ಮೇಲೆ ಕೆಳಗೆ ಹೋಗುವುದು, ಅದೆಲ್ಲ ಇಲ್ಲಿ ಬರೆದ ಸ್ವರವಾಗಿ ಬಂದಿದೆ. ಒಂದನ್ನು ಮಾತ್ರ ಬಿಡಬೇಕಾಯಿತು: ಆ ಕ್ಷಣಕ್ಕೆ ಕಟ್ಟುವ ಸ್ವಾತಂತ್ರ್ಯ. ಇದು ಸಣ್ಣ ನಷ್ಟ ಅಂತ ನಾನು ಹೇಳುವುದಿಲ್ಲ.

ಇದರಲ್ಲಿ ಓಡಿಹೋಗುವ ಗುಪ್ತ ಸಂಕೇತ ಇದೆಯಂತೆ, ನಿಜವಾ?

ಈ ಹಾಡಿಗೆ ಅಂಥ ಸಾಕ್ಷಿ ನಾನು ಕಂಡಿಲ್ಲ. ಆದರೆ ಸ್ಪಿರಿಚುಯಲ್‌ಗಳಲ್ಲಿ ಎರಡು ಅರ್ಥ ಇರುತ್ತಿದ್ದದ್ದು ನಿಜ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1855ರ ಆತ್ಮಕಥೆಯಲ್ಲಿ, ತಾವು ಹಾಡುತ್ತಿದ್ದ ಕಾನಾನ್ ದೇಶ, ಬೈಬಲ್ಲಿನಲ್ಲಿ ದೇವರು ಮಾತುಕೊಟ್ಟ ನಾಡು, ಅಂದರೆ ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳೇ ಅಂತ ನೇರವಾಗಿ ಬರೆದಿದ್ದಾರೆ. ರಾತ್ರಿ ಕಾಡಿನ ಮರೆಯಲ್ಲಿ ಒದ್ದೆ ಕೌದಿ ಕಟ್ಟಿ, ಸದ್ದು ಹೊರಗೆ ಹೋಗದ ಹಾಗೆ ಪ್ರಾರ್ಥನೆ ಮಾಡುತ್ತಿದ್ದೆವು ಅಂತ ಬಿಡುಗಡೆಯಾದವರು ಹೇಳಿದ್ದೂ ಇದೆ. ಪ್ರತಿ ಸಾಲಿಗೂ ನಕಾಶೆ ಹುಡುಕಬೇಕಿಲ್ಲ. ಕದ್ದು ಹಾಡಬೇಕಾಗಿತ್ತು ಅನ್ನುವುದೇ ಸಾಕಷ್ಟು ಹೇಳುತ್ತದೆ.

ನಾವು ಕನ್ನಡದವರು, ಎಷ್ಟೋ ಜನ ಕ್ರೈಸ್ತರೂ ಅಲ್ಲ. ಹಾಡಬಹುದಾ?

ಹಾಡಬಹುದು. ಹೋಗನ್ ಅಚ್ಚು ಹಾಕಿಸಿದ್ದು ಎಲ್ಲರೂ ಹಾಡಲಿ ಅಂತಲೇ. ಶಾಲೆ, ಕಾಲೇಜು, ಚರ್ಚು, ಊರಿನ ಕೊಯರ್ ಎಲ್ಲರೂ ಹಾಡುತ್ತಾರೆ. ಆದರೆ ಸುಮ್ನೆ ಜೋಶ್ ಇರುವ ಹಾಡು ಅಂತ ಹಾಡಬೇಡಿ. ಯಾರ ಹಾಡು ಅಂತ ಕೇಳುಗರಿಗೆ ಎರಡು ಮಾತು ಹೇಳಿ. ವೇಷ ಹಾಕಬೇಡಿ, ಹಾವಭಾವದ ಅಣಕು ಬೇಡ. ಮಂಗಳೂರು, ಹುಬ್ಬಳ್ಳಿ, ಧಾರವಾಡದ ಹಳೆಯ ಬಾಸೆಲ್ ಮಿಷನ್ ಚರ್ಚುಗಳಲ್ಲಿ ಬೆಳೆದವರಿಗೆ ದನಿ ಹಂಚಿಕೊಂಡು ಹಾಡುವುದು ಹೊಸದಲ್ಲ. ಅಂಥವರು ಒಬ್ಬಿಬ್ಬರು ಪಕ್ಕದಲ್ಲಿದ್ದರೆ ಉಳಿದವರಿಗೆ ಧೈರ್ಯ.

ಉಚ್ಚಾರಣೆಯಲ್ಲಿ ಏನು ನೋಡಿಕೊಳ್ಳಬೇಕು?

ನಮ್ಮ ನಾಲಿಗೆಗೆ ಎರಡು ತೊಂದರೆ. ಒಂದು ‘ರಾಕ್’ನ ರ. ನಾವು ನಾಲಿಗೆ ಬಡಿದು ರ ಅನ್ನುತ್ತೇವೆ, ಅಲ್ಲಿ ನಾಲಿಗೆ ಎಲ್ಲೂ ತಾಗುವುದಿಲ್ಲ. ಇನ್ನೊಂದು ‘ಶೌಟ್’ನ ಟ. ನಮ್ಮ ಟ ಮೇಲಕ್ಕೆ ಮಡಚಿದ ನಾಲಿಗೆಯದ್ದು, ಕಲ್ಲು ಬಿದ್ದ ಹಾಗೆ ಕೇಳುತ್ತದೆ. ಹಲ್ಲಿನ ಹಿಂದಿನ ಒಸಡಿಗೆ ತಾಗಿಸಿ, ಉಸಿರು ಬಿಟ್ಟು ಹಗುರ ಮಾಡಿ. ಶ್ ಮಾತ್ರ ಎಲ್ಲರದ್ದೂ ಒಂದೇ ಕ್ಷಣಕ್ಕೆ ಬರಬೇಕು. ಒಬ್ಬರು ಮುಂಚೆ ಬಂದರೂ ಬಸ್ಸಿನ ಬ್ರೇಕ್ ಥರ ಕೇಳಿಸುತ್ತದೆ.

ಅಚ್ಚಿನಲ್ಲಿ ಆಡುಮಾತಿನ ಉಚ್ಚಾರಣೆ ಹೇಗಿದೆಯೋ ಹಾಗೇ ಹಾಡಿ. ತಿದ್ದಿ ಶುದ್ಧ ಮಾಡಬೇಡಿ, ಎಳೆದು ಉತ್ಪ್ರೇಕ್ಷೆಯೂ ಬೇಡ.

ಚಪ್ಪಾಳೆ ತಟ್ಟಬಹುದಾ?

ವೇದಿಕೆಯಲ್ಲಿ ಬೇಡ. ದನಿಯೇ ಡೋಲಿನ ಕೆಲಸ ಮಾಡುತ್ತಿದೆ. ಅಭ್ಯಾಸದಲ್ಲಿ ತಟ್ಟಿ, ಆದರೆ ಎರಡು ಮತ್ತು ನಾಲ್ಕನೆಯ ಪೆಟ್ಟಿಗೆ. ನಮ್ಮ ಕೈ ತಾನಾಗಿಯೇ ಮೊದಲ ಪೆಟ್ಟಿಗೆ ಹೋಗುತ್ತದೆ, ತಾಳ ಹಾಕಿ ಬೆಳೆದ ಕೈ ಅದು. ಒಂದು ವಾರ ಬೇಕು ಬದಲಾಗಲು.

ನಮ್ಮದು ಇಪ್ಪತ್ತು ಜನರ ಕೊಯರ್, ನೋಟೇಶನ್ ಓದುವವರು ಕಡಿಮೆ. ಆಗುತ್ತಾ?

ಆಗುತ್ತದೆ. ನಾವು ಹದಿನೆಂಟು ಜನರಿಂದ ಶುರು ಮಾಡಿದೆವು. ಹಾಡೇ ಕಿವಿಯಿಂದ ಬಂದದ್ದು, ಕಿವಿಯಿಂದ ಕಲಿಯುವುದರಲ್ಲಿ ತಪ್ಪಿಲ್ಲ. ಒಬ್ಬರು ಹಾಡಲಿ, ಉಳಿದವರು ಹಿಂದೆ ಹೇಳಲಿ. ಓದುವವರು ಎಣಿಕೆ ನೋಡಿಕೊಳ್ಳಲಿ.

ಕಷ್ಟ ಇರುವುದು ಬೇರೆ ಕಡೆ. ಮೊದಲ ತಿಂಗಳು ನಾವು ಹಾಡು ಮುಗಿಸುವಾಗ ಶ್ರುತಿ ಇಳಿದಿರುತ್ತಿತ್ತು. ಫೋನಿನ ಟ್ಯೂನರ್ ಹಿಡಿದು ನೋಡಿದರೆ ಪೂರ್ತಿ ಅರ್ಧ ಸ್ವರ ಕೆಳಗೆ. ಮೇಲೆ ಹಾಡುವವರು ನಮ್ಮನ್ನು ನೋಡಿದರು. ತಪ್ಪು ನಮ್ಮದೇ, ಬೇಸ್‌ನವರದ್ದು. ಅದೇ ಸಾಲು ಮೂವತ್ತು ಸಲ ಹಾಡಿದರೆ ಮನಸ್ಸು ದಣಿದು ಸ್ವರ ಜೋಲುತ್ತದೆ.

ನಮ್ಮನ್ನು ನಡೆಸುವವರು ಒಂದು ಸಂಜೆ ಫೈಲ್ ಮುಚ್ಚಿಸಿ, ಕುರ್ಚಿಗಳನ್ನು ಗೋಡೆಗೆ ಸರಿಸಿ, ಚಪ್ಪಲಿ ಬಿಟ್ಟು ಸುತ್ತು ನಿಲ್ಲಲು ಹೇಳಿದರು. ಗಡಿಯಾರಕ್ಕೆ ಎದುರಾಗಿ, ಪಾದ ಎಳೆಯುತ್ತಾ, ಕೆಳದನಿಯ ಸಾಲು ಮಾತ್ರ. ಐದು ನಿಮಿಷ. ಮೊದಲ ಎರಡು ಸುತ್ತು ಎಲ್ಲರಿಗೂ ಸಂಕೋಚ. ಆಮೇಲೆ ರೆಡ್ ಆಕ್ಸೈಡ್ ನೆಲದ ಮೇಲೆ ಮೂವತ್ತಾರು ಬರಿಗಾಲು ಒಟ್ಟಿಗೆ ಸರಕ್ ಸರಕ್ ಅನ್ನತೊಡಗಿದವು. ಮುಂದಿನವರ ಬೆನ್ನು ನೋಡುತ್ತಾ ಹಾಡುತ್ತಿದ್ದೆವು. ಉಸಿರು ಕಟ್ಟಿದವರು ಸುಮ್ಮನಾಗುತ್ತಿದ್ದರು, ಪಕ್ಕದವರು ಎತ್ತಿಕೊಳ್ಳುತ್ತಿದ್ದರು. ನಿಲ್ಲಿಸಿದಾಗ ಟ್ಯೂನರ್ ನೋಡಿದೆವು. ಶ್ರುತಿ ಕದಲಿರಲಿಲ್ಲ.

ಒಂದು ಪ್ರತಿ ಕೊಂಡು ಜೆರಾಕ್ಸ್ ಮಾಡಿಸಬಹುದಾ?

ಬೇಡ. ಮೂಲ ಹಾಡು ಎಲ್ಲರದ್ದು, ಅರೇಂಜ್‌ಮೆಂಟ್ ಹೋಗನ್ ಅವರದ್ದು. ನಮ್ಮ ಕಾನೂನಿನಲ್ಲಿ ಹಕ್ಕು ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಅಂದರೆ ಇದಕ್ಕೆ 2063ರ ಕೊನೆಯವರೆಗೆ. ಎಷ್ಟು ಜನ ಹಾಡುತ್ತೀರೋ ಅಷ್ಟು ಪ್ರತಿ ಕೊಳ್ಳಿ. ಹೆಸರೇ ಇಲ್ಲದೆ ಹೋದ ಜನರ ಹಾಡು ಇದು. ಹೆಸರು ಉಳಿದ ಒಬ್ಬರಿಗೆ ಸಲ್ಲಬೇಕಾದ್ದು ಸಲ್ಲಲಿ.

ಇದು ಇಷ್ಟವಾಯಿತು. ಇನ್ನೇನು ಕೇಳಲಿ?

ಹೋಗನ್ ಅವರದ್ದೇ ‘ದಿ ಬ್ಯಾಟಲ್ ಆಫ್ ಜೆರಿಕೋ’ ಕೇಳಿ, ಇದರ ಅಣ್ಣನ ಹಾಗಿದೆ. ಆಮೇಲೆ ಅವರ ‘ಗಿವ್ ಮಿ ಜೀಸಸ್’, ಅದು ನಿಧಾನದ್ದು. ಡಾಸನ್ ಅವರ ‘ದೇರ್ ಇಸ್ ಅ ಬಾಮ್ ಇನ್ ಗಿಲಿಯಡ್’ ರಾತ್ರಿ ಹೊತ್ತು ಕೇಳಿ. ಮಹೇಲಿಯಾ ಹಾಡಿದ ‘ಇಲೈಜಾ ರಾಕ್’ ಕೊನೆಗಿರಲಿ. ನಮ್ಮ ಕೊಯರ್ ಇಡೀ ಸೇರಿ ಮಾಡುವುದನ್ನು ಆಕೆ ಒಂದು ಗಂಟಲಲ್ಲಿ ಮಾಡುತ್ತಾಳೆ. ಕೇಳಿದ ಮೇಲೆ ಮಂಗಳವಾರ ಸಂಜೆ ಆರೂವರೆಗೆ ಅಭ್ಯಾಸಕ್ಕೆ ಬನ್ನಿ. ಬೇಸ್‌ನಲ್ಲಿ ಜಾಗ ಇದೆ.